ಬೇಲಿ ದಾಟಿದ ಹೊಗೆ

‘ಇದರಲ್ಲಿ ಅಪ್ಪನ ಹೊಗೆ ಯಾವುದು, ನೀವೇ ಹೇಳಿ’ ಎಂದು ಪಕ್ಕದ ಮನೆಯ ಟೋನಿ ಬೇಲಿಯ ಬಳಿ ಕರೆದು ಕೇಳಿದಾಗ ನಾನು ತಬ್ಬಿಬ್ಬಾದೆ.

ನಮ್ಮ ಊರು ಓಲ್ಡ್ ಬ್ರಿಡ್ಜ್‌ನ ಅವನ ಹಿತ್ತಲಲ್ಲಿ, ಸ್ಮೋಕರ್ ಎಂಬ ಎರಡು ಹೊಗೆ ಒಲೆಗಳಲ್ಲಿ ಬ್ರಿಸ್ಕೆಟ್, ಅಂದರೆ ದನದ ಎದೆಮಾಂಸ, ಬೇಯುತ್ತಿತ್ತು. ಒಂದರ ಶಾಖ 275 ಡಿಗ್ರಿ ಫ್ಯಾರನ್‌ಹೀಟ್, ಇನ್ನೊಂದರದು 225. ಮರುದಿನಕ್ಕೆ ಅವನ ತಂದೆ ತೀರಿಕೊಂಡು ವರ್ಷ. ಅವರ ಕೈರುಚಿಯನ್ನೇ ನೆಂಟರಿಗೆ ಬಡಿಸಬೇಕೆಂದು ಅವನ ಹಟ. ಶಾಖ ಎಷ್ಟಿರಬೇಕೆಂದು ಅವರು ಯಾರಿಗೂ ಹೇಳಿರಲಿಲ್ಲ.

‘ನಾನು ಮೊಟ್ಟೆಯನ್ನೂ ಮುಟ್ಟುವವನಲ್ಲ’ ಎಂದೆ.

‘ಇರಬಹುದು. ಇಷ್ಟು ವರ್ಷ ಅಪ್ಪನ ಹೊಗೆ ಕುಡಿದವರು ನೀವೇ ತಾನೇ?’

ಮೊದಲು 275ರ ಮುಚ್ಚಳ ತೆಗೆದ. ನನಗೇನೂ ತಿಳಿಯಲಿಲ್ಲ. ಇನ್ನೊಂದನ್ನು ತೆಗೆದದ್ದೇ ತಡ, ನಮ್ಮ ಅಡುಗೆಮನೆಯಿಂದ, ಟೋನಿಯ ಅಪ್ಪ ಒಲೆ ಹಚ್ಚಿದಾಗಲೆಲ್ಲ ಹೆಂಡತಿ ಹಾಕುತ್ತಿದ್ದ ಹಳೆಯ ಕೂಗು ಕೇಳಿತು: ‘ರೀ, ಕಿಟಕಿ ಹಾಕ್ರೀ, ಅಂಕಲ್ ಶುರು ಮಾಡಿದ್ರು!’

ಅವಳ ಕನ್ನಡದ ಅರ್ಥ ಅವನಿಗೆ ಹೇಳಿದೆ. ಟೋನಿ ಮುಚ್ಚಳ ಹಿಡಿದುಕೊಂಡೇ ಕಣ್ಣೊರೆಸಿಕೊಂಡ.

ಅವಳು ಗುರುತು ಹಿಡಿದು ಕೂಗಿದಳೋ, ಗಾಳಿ ಆಗಷ್ಟೇ ನಮ್ಮ ಕಡೆ ತಿರುಗಿತ್ತೋ, ನನಗೆ ಇಂದಿಗೂ ಗೊತ್ತಿಲ್ಲ. ಕೇಳಿದರೆ ‘ಏನೋ ಬಾಯಿಗೆ ಬಂತು, ಬಿಡಿ’ ಎನ್ನುತ್ತಾಳೆ. ಟೋನಿ ಮಾತ್ರ ಆಮೇಲೆ 225 ದಾಟಿಲ್ಲ. ಹೊಗೆ ಬಂದಾಗ ಇವಳು ಮೊದಲಿನಂತೆಯೇ ಕಿಟಕಿ ಹಾಕುತ್ತಾಳೆ.