ಮಧ್ಯಾಹ್ನದ ಬಸ್ಸಿನ ಬುತ್ತಿ

ಊಟವಿಲ್ಲದೆ ಉಪವಾಸ ಬಿದ್ದವರಿಗೆ ಒಂದು ಮರ್ಯಾದೆಯಾದರೂ ಉಂಟು. ನಾನು ಊಟ ಕಣ್ಣೆದುರಿಗೇ ಇದ್ದೂ ಉಪವಾಸ ಬಿದ್ದವನು. ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಆಗ ಪಿಯುಸಿ ಅಂದರೆ ವಿಶ್ವವಿದ್ಯಾಲಯದ ಮೊದಲ ವರ್ಷ. ಹರಿಹರದ ಹತ್ತಿರದ ಸಾರಥಿ ಎಂಬ ಹಳ್ಳಿಯಿಂದ ದಾವಣಗೆರೆ ಕಾಲೇಜಿಗೆ ಬಂದು, ಮಂಡಿಪೇಟೆಯಲ್ಲಿ ಅಪ್ಪನ ಪರಿಚಯದ ಸಾಹುಕಾರರ ಅಂಗಡಿಯ ಅಟ್ಟದ ಮೇಲೆ ಇದ್ದೆ. ಕೆಳಗೆ ಒಣಮೆಣಸಿನಕಾಯಿ ಚೀಲ, ಮೇಲೆ ನಾನು. ಸೀನಿ ಸೀನಿಯೇ ಅರ್ಧ ಸತ್ತಿದ್ದೆ.

ನಾನು ಓದುವುದು ಅಪ್ಪನಿಗೆ ಅಷ್ಟಕ್ಕಷ್ಟೆ. ಅವ್ವ ಹಟ ಹಿಡಿದಳೆಂದು ಒಪ್ಪಿದ್ದ. ಹೊರಡುವಾಗ, "ಪ್ಯಾಟೆ ನೀರು ಒಗ್ಗಲಿಲ್ಲಾಂದ್ರೆ ಸುಮ್ನೆ ವಾಪಸ್ ಬಂದ್ಬಿಡು. ಎತ್ತು ಇಲ್ಲೇ ಅದಾವೆ" ಅಂದಿದ್ದ. ನಾನು ಹೊಟ್ಟೆಗಿಲ್ಲದೆ ಇದ್ದೇನೆಂದು ಅವನ ಕಿವಿಗೆ ಬಿದ್ದರೆ ಕಾಲೇಜು ಅಲ್ಲಿಗೆ ಮುಗಿಯಿತು.

ನಮ್ಮ ಕಡೆ ಹಳ್ಳಿಯಿಂದ ಬಂದು ಓದುವ ಹುಡುಗರಿಗೆ ಮನೆಯಿಂದ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ರೊಟ್ಟಿ, ಪಲ್ಯ, ಶೇಂಗಾ ಚಟ್ನಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅವ್ವಂದಿರು ಬಸ್ಸಿಗೆ ಕೊಡುವರು. ಮಧ್ಯಾಹ್ನ ದಾವಣಗೆರೆ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಬಾಗಿಲಲ್ಲಿ ನಿಂತು ಒಂದೊಂದೇ ಗಂಟು ಎತ್ತಿ ಹಿಡಿಯುವನು. ಹುಡುಗರು ಊರಿನ ಹೆಸರು, ಮನೆತನದ ಹೆಸರು ಕೂಗಿ ಹೇಳಬೇಕು. ಒಮ್ಮೆ ಯಾರದೋ ಬುತ್ತಿ ಇನ್ಯಾರೋ ಉಂಡು ಜಗಳವಾಗಿತ್ತಂತೆ, ಅಂದಿನಿಂದ ಕೂಗದವರಿಗೆ ಗಂಟಿಲ್ಲ. ಉಂಡವರ ಖಾಲಿ ಬಟ್ಟೆಯೂ ಯಾರೂ ಕೂಗದೆ ಉಳಿದ ಗಂಟೂ ಸಂಜೆಯ ಬಸ್ಸಿಗೆ ಊರಿಗೆ ವಾಪಸ್.

ಮೊದಲ ದಿನ ನಾನೂ ಹೇಳಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಕಂಡಕ್ಟರ್, "ಏನಪ್ಪಾ, ಬಾಯಾಗೆ ಅವಲಕ್ಕಿ ಇಟ್ಕಂಡೀಯೇನು? ಗಟ್ಟಿಯಾಗಿ ಹೇಳು!" ಅಂದ. ಸ್ಟ್ಯಾಂಡಿಗೆ ಸ್ಟ್ಯಾಂಡೇ ನಕ್ಕಿತು. ಅದರಲ್ಲಿ ನಮ್ಮ ಕ್ಲಾಸಿನವರೂ ಇದ್ದರು. ಬುತ್ತಿಯೇನೋ ಸಿಕ್ಕಿತು, ಆದರೆ ಮರುದಿನದಿಂದ ನಾನು ಕೂಗಲೇ ಇಲ್ಲ.

ಕ್ಲಾಸಿನಲ್ಲೂ ಅದೇ ಕಥೆ. ಹೈಸ್ಕೂಲಿನವರೆಗೆ ಕನ್ನಡದಲ್ಲಿ ಓದಿದವನ ಮುಂದೆ ಮೇಷ್ಟ್ರು ಇಂಗ್ಲಿಷಿನಲ್ಲಿ ಗಡಗಡ ಹೋಗಿಬಿಡುವರು. ಹಾಜರಿಗೆ "ಎಸ್ ಸಾರ್" ಅನ್ನುವಷ್ಟರಲ್ಲಿ ಅವರು ಮುಂದಿನ ಹೆಸರಿನಲ್ಲಿರುತ್ತಿದ್ದರು. ಆದರೆ ಹಾಜರಿ ತಪ್ಪಿದರೆ ಹೊಟ್ಟೆ ಖಾಲಿ ಉಳಿಯುವುದಿಲ್ಲವಲ್ಲ.

ದಿನಾ ಸ್ಟ್ಯಾಂಡಿಗೆ ಹೋಗುತ್ತಿದ್ದೆ. ಅವ್ವನ ಹಳೇ ಸೀರೆಯ ಹಸಿರು ತುಂಡು ಕಂಡೊಡನೆ ಬಾಯಲ್ಲಿ ನೀರೂರುತ್ತಿತ್ತು. ಈಗ ಕೂಗುತ್ತೇನೆ, ಈಗ ಕೂಗುತ್ತೇನೆ ಅನ್ನುವಾಗಲೇ ಕಂಡಕ್ಟರ್ ಎರಡು ಸಲ "ಸಾರಥಿ, ಸಾರಥಿ" ಅಂದು, ಗಂಟನ್ನು ಡ್ರೈವರ್ ಸೀಟಿನ ಹಿಂದೆ ಇಟ್ಟುಬಿಡುವನು. ಗದ್ದಲ ಕರಗಿದ ಮೇಲೆ ಒಬ್ಬನೇ ಇದ್ದಾಗ ಕೇಳೋಣವೆಂದು ಒಂದು ದಿನ ಅವನ ಹತ್ತಿರ ಹೋದೆ. ಚಹಾ ಕುಡಿಯುತ್ತಿದ್ದವನು ತಲೆಯೆತ್ತಿ "ಏನು?" ಅಂದ. "ಟೈಮ್ ಎಷ್ಟ್ರೀ?" ಅಂದೆ. ಅವನು ಹೇಳಿದ. ನಾನು ದೊಡ್ಡ ಕೆಲಸವಿರುವವನ ಹಾಗೆ ಸರಸರ ನಡೆದು ಬಂದೆ. ಅಟ್ಟ ಹತ್ತಿ, ಮೆಣಸಿನ ಘಾಟಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ನನ್ನಂಥ ಹೇಡಿ ಭೂಮಿಯ ಮೇಲೆ ಇನ್ನೊಬ್ಬನಿಲ್ಲ ಅನ್ನಿಸಿತ್ತು.

ಬೆಳಿಗ್ಗೆ ಮಂಡಕ್ಕಿ, ಮಧ್ಯಾಹ್ನ ನಲ್ಲಿ ನೀರು. ಅಂಗಡಿಯಲ್ಲಿ ಚೀಲದಿಂದ ಚೆಲ್ಲಿದ ಶೇಂಗಾ ಬೀಜವನ್ನು ಯಾರೂ ನೋಡದಾಗ ಆರಿಸಿ ತಿಂದದ್ದೂ ಉಂಟು. ಸಾಹುಕಾರರು ಮೆಟ್ಟಿಲ ಬಳಿ ಸಿಕ್ಕಾಗ "ಊಟ ಆಯ್ತೇನಪ್ಪಾ?" ಅನ್ನುವರು. "ಆಯ್ತ್ರೀ" ಅನ್ನುವೆ. ಆ ಒಂದು ಸುಳ್ಳು ಮಾತ್ರ ಗಂಟಲಿನಿಂದ ಸಲೀಸಾಗಿ ಬರುತ್ತಿತ್ತು. ಭಾನುವಾರ ಊರಿಗೆ ಹೋಗಲೂ ಭಯ. ಬುತ್ತಿ ತುಂಬಿದ್ದು ತುಂಬಿದಂತೆ ಮನೆಗೆ ಹೋಗುತ್ತಿದೆ, ಅಪ್ಪ ನೋಡಿಯೇ ಇರುತ್ತಾನೆ, ಇಂದೋ ನಾಳೆಯೋ ಕರೆದೊಯ್ಯಲು ಬರುತ್ತಾನೆ ಎಂದು ದಿನಾ ಕಾಯುತ್ತಿದ್ದೆ. ಅವನು ಬರಲಿಲ್ಲ. ಯಾಕೆ ಬರಲಿಲ್ಲವೆಂಬುದು ತಿಳಿಯಲಿಲ್ಲ.

ನಾಗರ ಪಂಚಮಿಗೆ ಹೋಗಲೇಬೇಕಾಯಿತು. ಅಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾಕಲೇ, ಇಷ್ಟು ಸೊರಗೀಯ?" ಅಂದ. ನಾನು ಬಾಯಿ ಬಿಡುವ ಮೊದಲೇ ಅವ್ವ, "ಓದೋ ಹುಡುಗ್ರು ಹಂಗೇ ಇರ್ತಾರೆ. ಬುತ್ತಿ ದಿನಾ ಖಾಲಿಯಾಗೇ ಬರ್ತೈತಲ್ಲ" ಅಂದಳು. ಅಪ್ಪ ಹೊಲಕ್ಕೆ ಹೋದ. ನಾನು ಕಂಬ ಹಿಡಿದು ನಿಂತೇ ಇದ್ದೆ.

ಅಡುಗೆಮನೆಯಲ್ಲಿ ನನಗೆ ಬಿಸಿ ರೊಟ್ಟಿ ಹಾಕಿ, ಅವ್ವ ಒಲೆಯ ಕಡೆ ಮುಖ ಮಾಡಿಕೊಂಡೇ ಮಾತಾಡಿದಳು.

"ನಿಮ್ಮಪ್ಪಗೆ ಗೊತ್ತಿಲ್ಲ. ಸಂಜೆ ಬಂದ ಬುತ್ತಿ ಕೊಟ್ಟಿಗ್ಯಾಗೆ ಕುಂತು ನಾನೇ ತಿಂತೀನಿ. ದನಕ್ಕೆ ಹಾಕಾಕೆ ಮನಸು ಬರಲ್ಲ."

ರೊಟ್ಟಿ ನನ್ನ ಬಾಯಲ್ಲೇ ಉಳಿಯಿತು.

"ಒಂದು ಕೇಳ್ತೀನಿ, ಹೇಳ್ತೀಯಾ? ಪ್ಯಾಟೆ ಹುಡುಗ್ರ ಮುಂದೆ ನನ್ನ ರೊಟ್ಟಿ ಬಿಚ್ಚಾಕೆ ನಿಂಗೆ ನಾಚಿಕೆ ಆಗ್ತೈತೇನು?"

ಇಲ್ಲ ಅವ್ವಾ ಅನ್ನಬೇಕಿತ್ತು. ಅವಳೆದುರಿಗೂ ನನ್ನ ಹಾಳು ಗಂಟಲು ಬಿಚ್ಚಲಿಲ್ಲ. ಕಣ್ಣೀರು ಮಾತ್ರ ತಟ್ಟೆಗೆ ಬಿತ್ತು. ಅವಳು ಅದನ್ನು ಹೌದೆಂದೇ ತಿಳಿದಳು. "ಹೋಗ್ಲಿ ಬಿಡು, ಅಳಬ್ಯಾಡ" ಅಂದು ತಲೆ ಸವರಿದಳು.

ದಾವಣಗೆರೆಗೆ ಮರಳಿದ ಮಾರನೆಯ ದಿನ, ಬಸ್ಸು ಬರುವ ಮೊದಲೇ ಸ್ಟ್ಯಾಂಡಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದೆ. ಸತ್ತರೂ ಸರಿ, ಇವತ್ತು ಕೂಗುತ್ತೇನೆ ಎಂದುಕೊಂಡಿದ್ದೆ. ಬಸ್ಸಿನ್ನೂ ಸರಿಯಾಗಿ ನಿಂತಿರಲಿಲ್ಲ, "ಸಾರಥಿ!" ಎಂದು ಕೂಗಿದೆ. ಹಿಂದೆಯೇ ನಮ್ಮ ಮನೆತನದ ಹೆಸರನ್ನೂ ಕೂಗಿದೆ. ದನಿ ಒಡೆದು ಕೀರಲಾಗಿತ್ತು. ಜನ ನಕ್ಕರು. ನಗಲಿ.

ಕಂಡಕ್ಟರ್ ಗಂಟುಗಳನ್ನು ಆಚೀಚೆ ಸರಿಸಿ ನೋಡಿದ.

"ಸಾರಥಿದು ಇವತ್ತು ಇಲ್ಲಪ್ಪಾ. ಇನ್ಮುಂದೆ ಕಳಸಲ್ಲ ಅಂದ್ರು ನಿಮ್ಮವ್ವ. ಮಗ ಪ್ಯಾಟೆ ಊಟಕ್ಕೆ ಹೊಂದಿಕೊಂಡಾನಂತೆ."

ಎಲ್ಲರೂ ತಮ್ಮ ತಮ್ಮ ಗಂಟು ಹಿಡಿದು ಹೋದರು. ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಮಧ್ಯಾಹ್ನದ ಕ್ಲಾಸು ತಪ್ಪಿತು. ಸಂಜೆ ಅದೇ ಬಸ್ಸು ಹರಿಹರದ ಕಡೆ ತಿರುಗಿ ಹೊರಟಾಗ ಎದ್ದು ಅದರ ಹಿಂದೆ ಓಡಿದೆ. ಫುಟ್‌ಬೋರ್ಡಿನ ಮೇಲಿದ್ದ ಕಂಡಕ್ಟರ್ ಕಿವಿಗೆ ಕೈಯಿಟ್ಟು ಬಗ್ಗಿದ.

"ನಮ್ಮವ್ವಗೆ ಹೇಳ್ರೀ," ಎಂದು ಸ್ಟ್ಯಾಂಡೆಲ್ಲ ತಿರುಗಿ ನೋಡುವಂತೆ ಕೂಗಿದೆ, "ನಂಗೆ ಹಸಿವಾಗೈತೆ ಅಂತ ಹೇಳ್ರೀ!"

ಆಗ ಯಾರೂ ನಗಲಿಲ್ಲ.