ದೊಡ್ಡ ಎಲೆಯ ಅಂಜಿಕೆ

ಮೊನ್ನೆ ಶಹಾಪುರದ ಸಂತೆಯಲ್ಲಿ ಹೊನಗೊನ್ನೆ ಸೊಪ್ಪಿನ ಸಿವುಡೊಂದನ್ನು ಕೈಗೆತ್ತಿಕೊಂಡವಳು ಹಾಗೇ ಕೆಳಗಿಟ್ಟೆ. ಎಲೆಗಳು ನನ್ನ ಹೆಬ್ಬೆರಳಿಗಿಂತ ಅಗಲವಾಗಿದ್ದವು, ನೀರುಂಡು ಮಿರಮಿರ ಮಿಂಚುತ್ತಿದ್ದವು. ಬೇರೆ ಯಾರಾದರೂ ಆಗಿದ್ದರೆ ಸಂಜೆಯ ರೊಟ್ಟಿಗೆ ಆಯಿತು ಎಂದು ಖುಷಿಪಡುತ್ತಿದ್ದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಯಾಕ್ರಿ ಅಕ್ಕಾರ, ಎಷ್ಟ್ ದೊಡ್ಡ ಎಲಿ ಅದಾವ ನೋಡ್ರಿ," ಎಂದಳು ಮಾರುವವಳು.

"ಅದಕ್ಕ ಅಂಜಿಕಿ ಬಂತವ್ವಾ," ಎಂದೆ.

ಆಕೆ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದಳು. ನಾಗರಹಾವಿಗೆ ಅಂಜುವವರನ್ನು ಕಂಡಿದ್ದಾಳು, ಸೊಪ್ಪಿಗೆ ಅಂಜುವವಳನ್ನು ಅಂದೇ ಕಂಡಿರಬೇಕು. ಆ ನೋಟಕ್ಕೆ ನಾಚಿ ಎರಡು ಸಿವುಡು ಕೊಂಡು ಚೀಲಕ್ಕೆ ಹಾಕಿಕೊಂಡೆ.

ನಾನು ಹೆದರುಪುಕ್ಕಲಿ, ಮುಚ್ಚಿಡುವುದೇನಿದೆ. ಹಲ್ಲಿಗೆ ಹೆದರುತ್ತೇನೆ, ಬಸ್ಸಿನ ಹಿಂದಿನ ಸೀಟಿಗೆ ಹೆದರುತ್ತೇನೆ, ಹೊತ್ತಲ್ಲದ ಹೊತ್ತಿನಲ್ಲಿ ಬರುವ ಫೋನಿಗಂತೂ ಕೇಳಲೇಬೇಡಿ. ಯಾವುದನ್ನೂ ಪರೀಕ್ಷೆ ಮಾಡದೆ ನಂಬಬೇಡಿ ಎಂದು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಲೇ ನಿವೃತ್ತಳಾದೆ. ಮನೆಗೆ ಬಂದು ಹಲ್ಲಿ ಲೊಚಗುಟ್ಟಿದರೆ ನೆಲ ಮುಟ್ಟಿ ನಮಸ್ಕಾರ ಮಾಡುತ್ತಿದ್ದೆ. ಆದರೆ ಸೊಪ್ಪಿನ ಅಂಜಿಕೆ ನನ್ನದಲ್ಲ. ಅದು ನನ್ನ ಅವ್ವನದು, ನನಗೆ ಬಳುವಳಿಯಾಗಿ ಬಂದದ್ದು.

ನಮ್ಮೂರು ಸುರಪುರದ ಆಚೆ, ತಿಂಥಣಿಯ ಹಾದಿಯಲ್ಲಿ. ನಾನು ಚಿಕ್ಕವಳಿದ್ದಾಗ ಇನ್ನೂ ಕಾಲುವೆ ಬಂದಿರಲಿಲ್ಲ. ಬೆಳೆ ಕೊಯ್ದ ಮೇಲೆ ಕುರುಬರು ಬಂದು ಕುರಿಮಂದೆಯನ್ನು ನಮ್ಮ ಹೊಲದಲ್ಲಿ ತಂಗಿಸುತ್ತಿದ್ದರು. ಕುರಿ ಹಿಕ್ಕೆಯೇ ಆ ನೆಲಕ್ಕೆ ಗೊಬ್ಬರ. ಆ ಕಾಲದಲ್ಲಿ ನನಗೆ ಇರುಳುಗುರುಡು ಬಂದಿತ್ತಂತೆ. ಹೊತ್ತು ಮುಳುಗಿದರೆ ಬಾಗಿಲು ಯಾವುದು ಗೋಡೆ ಯಾವುದು ತಿಳಿಯುತ್ತಿರಲಿಲ್ಲ. ಅವ್ವ ಬಾವಿಯ ಬದುವಿನ ಮೇಲಿದ್ದ ಹೊನಗೊನ್ನೆ ಕಿತ್ತು ತಂದು, ತೊಗರಿಬೇಳೆ ಹಾಕಿ ಪಲ್ಯ ಮಾಡಿ ತಿನ್ನಿಸಿದಳು. ಅಕ್ಕಿಕಾಳಿನಷ್ಟು ಸಣ್ಣ ಎಲೆ, ಬಾಯಿಗೆ ಒಗರು. ತಿಂದೂ ತಿಂದೂ ಒಂದು ಸಂಜೆ ಅಟ್ಟದ ಮೇಲಿನ ಬೆಕ್ಕು ನನಗೆ ಕಂಡಿತಂತೆ. ಅವತ್ತು ಅವ್ವ ಹೊಲದ ಮಣ್ಣನ್ನು ಹಣೆಗೆ ಹಚ್ಚಿಕೊಂಡಳಂತೆ.

ತಂಗಿ ಮೌನಮ್ಮ ಹುಟ್ಟುವ ಹೊತ್ತಿಗೆ ಕಾಲುವೆಯ ನೀರು ಬಂದಿತ್ತು. ಜೋಳದ ನೆಲಕ್ಕೆ ಭತ್ತ ಬಂತು, ಭತ್ತದ ಹಿಂದೆ ಚೀಲಗಟ್ಟಲೆ ಯೂರಿಯಾ ಬಂತು. ಅದಕ್ಕೆ ನಮ್ಮ ಕಡೆ ಸರ್ಕಾರಿ ಗೊಬ್ಬರ ಎನ್ನುತ್ತಾರೆ. ಕೆಸರು ಗದ್ದೆಯಲ್ಲಿ ಕುರಿ ಎಲ್ಲಿ ನಿಂತೀತು. ಕುರುಬರು ಬರುವುದು ನಿಂತಿತು. ಅಪ್ಪನಿಗೆ ಮಾತ್ರ ಹಿಡಿಸಲಾರದ ಹಿಗ್ಗು. ಹಸಿರು ನೋಡಲೆಂದೇ ದಿನಾ ಗದ್ದೆಗೆ ಹೋಗಿ ಬರುತ್ತಿದ್ದ. ಬದುವಿನ ಹೊನಗೊನ್ನೆಯೂ ಆ ನೀರು ಗೊಬ್ಬರ ಉಂಡು ದಷ್ಟಪುಷ್ಟವಾಯಿತು.

ಮೌನಿಗೆ ಶಾಲೆಗೆ ಹೋಗುವ ವಯಸ್ಸು ಬಂತು, ಜೊತೆಗೆ ನನಗೆ ಬಂದಿದ್ದ ಆ ಸಂಜೆಯ ಕುರುಡೂ ಬಂತು. ಅವ್ವ ಗಾಬರಿಯಾಗಲಿಲ್ಲ, ಮದ್ದು ಗೊತ್ತಿತ್ತಲ್ಲ. ಬದುವಿನ ದೊಡ್ಡ ಎಲೆ ಕಿತ್ತು ತಂದು ತಿನ್ನಿಸಿದಳು. ಗುಣ ಕಾಣಲಿಲ್ಲ. ಮತ್ತೂ ತಿನ್ನಿಸಿದಳು. ಅವಳಿಗೆ ಅಂಜಿಕೆ ಶುರುವಾದದ್ದು ಆವಾಗ.

"ಎಲಿ ಬೆಳದೈತಿ, ಕಸುವು ಸತ್ತೈತಿ," ಎಂದಳು ಅಪ್ಪನಿಗೆ. "ದೊಡ್ಡಾಕಿಗೆ ಹತ್ತಿದ ಮದ್ದು ಸಣ್ಣಾಕಿಗೆ ಯಾಕ ಹತ್ತವಲ್ದು? ನಿನ್ನ ಸರ್ಕಾರಿ ಗೊಬ್ಬರ ಅದನ್ನ ತಿಂದೈತಿ."

"ಹುಚ್ಚಿ ಅದಿ ನೀ. ಪಲ್ಯ ಅಂದ್ರ ಪಲ್ಯ," ಎಂದ ಅಪ್ಪ. ಆದರೆ ಅವನ ಮುಖ ಸಣ್ಣದಾಗಿತ್ತು.

ಆಮೇಲೆ ಅವ್ವ ಸಂಜೆಗೊಂದು ಪರೀಕ್ಷೆ ಹೂಡಿದಳು. ದೀಪ ಹಚ್ಚುವ ಮುಂಚೆ ಮೌನಿಯನ್ನು ಎದುರಿಗೆ ಕೂರಿಸಿಕೊಂಡು, ಏನಾದರೊಂದು ಎತ್ತಿ ಹಿಡಿದು ಕೇಳುತ್ತಿದ್ದಳು: "ನನ್ನ ಕೈಯಾಗ ಏನೈತಿ ಹೇಳು?" ಕೆಲವು ದಿನ ಮೌನಿ "ಸೌಟು," "ಉಳ್ಳಾಗಡ್ಡಿ" ಎಂದು ಸರಿಯಾಗಿ ಹೇಳುತ್ತಿದ್ದಳು. ಅವತ್ತು ಅವ್ವ ಹೊಟ್ಟೆ ತುಂಬ ಉಣ್ಣುತ್ತಿದ್ದಳು. ತಪ್ಪಿದ ದಿನ ಒಲೆಯ ಕಡೆ ಮುಖ ತಿರುಗಿಸಿ ಕೂತುಬಿಡುತ್ತಿದ್ದಳು. ಸೂರ್ಯ ಇಳಿಯುತ್ತ ಬಂದಂತೆ ನಮ್ಮ ಮನೆಯಲ್ಲಿ ಮಾತು ಕಡಿಮೆಯಾಗುತ್ತಿತ್ತು. ನಾನು ಬಾಗಿಲ ಮರೆಯಲ್ಲಿ ನಿಂತು, ಮೌನಿ ಸರಿಯಾಗಿ ಹೇಳಲಿ ಎಂದು ತಿಂಥಣಿಯ ದೇವರು ಮೌನಪ್ಪನಿಗೆ ಹರಕೆ ಹೊರುತ್ತಿದ್ದೆ.

ಅವ್ವ ಸುಮ್ಮನೆ ಕೂರುವವಳಲ್ಲ. ಯಾರದೋ ಕುರಿಹಟ್ಟಿಗೆ ಹೋಗಿ ಬುಟ್ಟಿ ತುಂಬ ಹಿಕ್ಕೆ ಬೇಡಿ ತಂದಳು. ಬಚ್ಚಲ ಹಿಂದೆ ಒಂದು ಮಡಿ ಮಾಡಿ ಹೊನಗೊನ್ನೆ ಕಡ್ಡಿ ನೆಟ್ಟಳು. ಎಲೆ ಸಣ್ಣಗೆ, ನಿಧಾನಕ್ಕೆ ಚಿಗುರಿತು. ಇನ್ನೇನು ಕೊಯ್ಯಬೇಕು ಎನ್ನುವಾಗ ಒಂದು ಬೆಳಿಗ್ಗೆ ಎಲೆಗಳು ಹಿಗ್ಗಿದಂತೆ ಕಂಡವು. ನಾಲ್ಕಾರು ದಿನಕ್ಕೆ ಮಡಿ ತುಂಬ ಅದೇ ಅಗಲದ ಎಲೆ. ಅವ್ವ ಬುಡ ಕೆದರಿ ನೋಡಿದಳು, ಕರಗದೆ ಉಳಿದ ಯೂರಿಯಾದ ಬಿಳಿ ಹರಳು ಸಿಕ್ಕಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಇಡೀ ಮಡಿಯನ್ನು ಬೇರು ಸಮೇತ ಕಿತ್ತು ತಿಪ್ಪೆಗೆ ಒಗೆದು, ಅಲ್ಲೇ ಕೂತು ಅತ್ತಳು. ಹೊತ್ತು ಮುಳುಗಿತ್ತು, ಮೌನಿ ಗೋಡೆ ಹಿಡಿದು ನಿಂತು ಅದನ್ನು ಕೇಳುತ್ತಿದ್ದಳು.

ಮರುದಿನ ಸಂಜೆ ಮೌನಿ ಮನೆಯಲ್ಲಿರಲಿಲ್ಲ.

ಓಣಿ ಹುಡುಕಿದೆವು, ಗುಡಿಯ ಕಟ್ಟೆ ಹುಡುಕಿದೆವು. ಕಾಲುವೆ ಕಡೆ ಹೋದದ್ದನ್ನು ಕಂಡೆ ಎಂದು ಎಮ್ಮೆ ಕಾಯುವವನೊಬ್ಬ ಹೇಳಿದ. ಅವ್ವ ಓಡಿದಳು, ಅವಳ ಹಿಂದೆ ನಾನು. ನಮ್ಮ ಕಾಲುವೆಯ ಅಂಚು ಇಳಿಜಾರು, ಕಲ್ಲು ಹಾಸಿದ್ದು, ಪಾಚಿ ಕಟ್ಟಿದ್ದು. ಒಳಗೆ ಜಾರಿದ ಎತ್ತೂ ಮೇಲೆ ಬರುವುದಿಲ್ಲ. ಬೆಳಕು ಆರುತ್ತಿತ್ತು. ಅವ್ವ ಹೆಸರು ಹಿಡಿದು ಕರೆಯಲೂ ಅಂಜುತ್ತಿದ್ದಳು. ಕರೆದರೆ ಹುಡುಗಿ ದನಿ ಬಂದತ್ತ ಹೆಜ್ಜೆ ಇಟ್ಟಾಳು, ನಡುವೆ ನೀರಿದ್ದರೆ? ಬಾಯಿಗೆ ಸೆರಗು ತುರುಕಿಕೊಂಡು ಓಡುತ್ತಿದ್ದಳು. ಆ ಅವ್ವನ ಬೆನ್ನು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಮೌನಿ ಸಿಕ್ಕಳು. ನೀರಿಗೆ ಒಂದು ಮಾರು ಈಚೆಗೆ, ಮಂಡಿ ಅಪ್ಪಿಕೊಂಡು ಅಲುಗಾಡದೆ ಕೂತಿದ್ದಳು. ಅವ್ವ ಹಿಂದಿನಿಂದ ಬಂದು ಬಾಚಿ ಹಿಡಿದಳು.

"ಕತ್ಲಾತು ಅವ್ವಾ. ನೀರಿನ ಸಪ್ಪಳ ಯಾ ಕಡೆ ಐತಿ ತಿಳೀವಲ್ದಾತು. ಅದಕ್ಕ ಕುಂತೆ," ಎಂದಳು.

ಅವಳ ಲಂಗದ ಉಡಿಯಲ್ಲಿ ಹೊನಗೊನ್ನೆ ಇತ್ತು. ಅಷ್ಟೂ ಸಣ್ಣ ಎಲೆ. ಬೆರಳಿನಿಂದ ತಡವಿ ತಡವಿ, ದೊಡ್ಡದನ್ನು ಬಿಟ್ಟು ಸಣ್ಣದನ್ನು ಮಾತ್ರ ಚಿವುಟಿದ್ದಳು.

ಮನೆಗೆ ಬಂದ ಮೇಲೆ ಅಪ್ಪ ಹೊಸ್ತಿಲ ಮೇಲೆ ಕೂತು ಹೇಳಿದ. "ಮಡಿಗೆ ಗೊಬ್ಬರ ನಾನ ಹಾಕಿದ್ದೆ. ಜಲ್ದಿ ಬೆಳೀಲಿ ಅಂತ. ಕೂಸಿನ ಕಣ್ಣು ಜಲ್ದಿ ಬರಲಿ ಅಂತ." ಅವ್ವ ಅವನ ತಾಟಿಗೆ ರೊಟ್ಟಿ ಹಾಕಿದಳು. ಪಲ್ಯ ಹಾಕಲಿಲ್ಲ.

ಕೊನೆಗೆ ಮೌನಿಗೆ ಕಣ್ಣು ಕೊಟ್ಟದ್ದು ಊರಿಗೆ ಬರುತ್ತಿದ್ದ ನರ್ಸಬಾಯಿ. ಹುಡುಗಿಯ ಹೊಟ್ಟೆ ತುಂಬ ಜಂತುಹುಳ, ತಿಂದ ಸೊಪ್ಪು ಮೈಗೆ ಹತ್ತುವುದೆಲ್ಲಿಂದ ಎಂದು ಬೈದು, ಹುಳದ ಗುಳಿಗೆ ಕೊಟ್ಟು, ಹಳದಿ ಔಷಧಿಯನ್ನು ಚಮಚದಲ್ಲಿ ಕುಡಿಸಿದಳು. ಎಲೆ ದೊಡ್ಡದಿರಲಿ ಸಣ್ಣದಿರಲಿ, ಎಣ್ಣೆ ಹಾಕಿ ಮಾಡಿ ತಿನ್ನಿಸು ಎಂದಳು. ಕಣ್ಣು ಬಂತು. ಅವ್ವ ನರ್ಸಬಾಯಿಗೆ ಕೈ ಮುಗಿದಳು, ಆದರೆ ಸಾಯುವವರೆಗೆ ದೊಡ್ಡ ಎಲೆ ಮುಟ್ಟಲಿಲ್ಲ.

ಎಷ್ಟೋ ವರ್ಷಗಳ ಮೇಲೆ ನಮ್ಮ ಶಾಲೆಗೆ ಕೃಷಿ ಓದಿದ ಹುಡುಗಿಯೊಬ್ಬಳು ಭಾಷಣಕ್ಕೆ ಬಂದಿದ್ದಳು. ಚಹಾ ಕುಡಿಯುವಾಗ, ಸರ್ಕಾರಿ ಗೊಬ್ಬರ ಎಲೆಯ ಕಸುವು ತಿನ್ನುತ್ತದೆಯೇ ಎಂಬ ಅವ್ವನ ಪ್ರಶ್ನೆಯನ್ನು ಅವಳ ಮುಂದಿಟ್ಟೆ. ಗಿಡ ತನ್ನ ರಕ್ಷಣೆಗೆಂದು ಒಗರು, ಕಹಿ ರಸಗಳನ್ನು ಮಾಡಿಕೊಳ್ಳುತ್ತದೆ, ಆಂಟಿಆಕ್ಸಿಡೆಂಟ್ ಎನ್ನುವ ಅವು ನಮ್ಮ ಮೈಯನ್ನೂ ಕಾಯುತ್ತವೆ ಎಂದಳು. ಯೂರಿಯಾ ಅತಿಯಾದರೆ ಗಿಡ ಬರೀ ಮೈ ಬೆಳೆಸಿಕೊಂಡು ಆ ರಸಗಳನ್ನು ಕಡಿಮೆ ಮಾಡುವುದುಂಟು. ತಿಪ್ಪೆಗೊಬ್ಬರ, ಕುರಿಗೊಬ್ಬರದಲ್ಲಿ ಬೆಳೆದದ್ದರಲ್ಲಿ ಅವು ಹೆಚ್ಚಿರುವುದುಂಟು. ಎಲ್ಲ ಗಿಡಕ್ಕೂ ಎಲ್ಲ ಮಣ್ಣಿಗೂ ಒಂದೇ ಮಾತಲ್ಲ. "ಆದ್ರ ಮೇಡಂ, ಕಣ್ಣಿಗೆ ಬೇಕಾದ ಸತ್ವ ಬ್ಯಾರೆನ. ಅದು ಯೂರಿಯಾ ಉಂಡ ಎಲಿಯೊಳಗ ಹೆಚ್ಚಾದ್ರೂ ಆಗಿರಬಹುದ್ರಿ," ಎಂದಳು. ನಾನು ಚಹಾ ಕೆಳಗಿಟ್ಟೆ. ಒಗರಿನ ಮಟ್ಟಿಗೆ ಅವ್ವನ ಮಾತು ಖರೆ, ಕಣ್ಣಿನ ಮಟ್ಟಿಗೆ ಸುಳ್ಳು. ಇಷ್ಟು ತಿಳಿದ ಮೇಲಾದರೂ ಅಂಜಿಕೆ ಹೋಗಬೇಕಿತ್ತಲ್ಲ ಎನ್ನುತ್ತೀರಿ. ಅದು ಭಾಷಣ ಕೇಳುವುದಿಲ್ಲ.

ಮೊನ್ನೆ ಸಂತೆಯಿಂದ ಮನೆಗೆ ಬಂದಾಗ ಮೌನಿ ಪಡಸಾಲೆಯಲ್ಲಿದ್ದಳು. ತಾನಿರುವ ವಡಗೇರಾದಿಂದ ನನ್ನಲ್ಲಿಗೆ ಬಂದು ಒಂದು ವಾರವಾಗಿತ್ತು. ಅವಳಿಗೆ ಸಕ್ಕರೆ ಕಾಯಿಲೆ. ಕಣ್ಣು ತೋರಿಸು ಎಂದು ಡಾಕ್ಟರು ಹೇಳಿದ್ದರೂ "ನನ್ನ ಕಣ್ಣಿಗೇನಾಗೈತಿ, ಎಲ್ಲಾ ಕಾಣಸ್ತೈತಿ" ಎಂದು ತಳ್ಳಿಹಾಕುತ್ತಿದ್ದಳು. ಸೊಪ್ಪು ಮುಂದಿಟ್ಟೆ. ನನ್ನ ಮುಖ ನೋಡುತ್ತ ಮಾತಾಡುತ್ತಲೇ, ಬೆರಳಿನಿಂದ ದೊಡ್ಡ ಎಲೆ ಒಂದು ಕಡೆ, ಸಣ್ಣ ಎಲೆ ಒಂದು ಕಡೆ ಮಾಡತೊಡಗಿದಳು.

"ಈಗ್ಯಾಕ ಆರಸ್ತೀಯವ್ವಾ? ಕಣ್ಣಿಗೆ ದೊಡ್ಡದೂ ಛಲೋನ ಅಂತ," ಎಂದೆ.

ಮೌನಿ ನಕ್ಕಳು. "ಕಣ್ಣಿಗೆ ಅಂತ ಯಾವಾಗ ಆರಿಸಿನಕ್ಕಾ? ಅವ್ವ ಅಳೂದು ನಿಲ್ಲಲಿ ಅಂತ ಆರಿಸಿದ್ದೆ. ಸಂಜಿಗೆ ಕೈಯಾಗ ಏನೈತಿ ಅಂತ ಕೇಳ್ತಿದ್ಲಲ್ಲ, ನನಗ ಒಂದು ದಿನಾನೂ ಕಂಡಿಲ್ಲ. ಉಳ್ಳಾಗಡ್ಡಿ ವಾಸನಿಗೆ ತಿಳೀತಿತ್ತು. ಸೌಟು ಅವ್ವನ ಕೈಬಳಿಗೆ ತಾಗಿ ಸಪ್ಪಳ ಆಗ್ತಿತ್ತು. ಹೇಳಿದ್ರ ಅವ್ವ ಉಣ್ತಿದ್ಲು."

ಹೊರಗೆ ಹೊತ್ತು ಮುಳುಗಿತ್ತು. ನಾನು ಸಪ್ಪಳವಾಗದಂತೆ ಗೋಡೆಯ ಗೂಡಿನಲ್ಲಿದ್ದ ಬಾಚಣಿಗೆ ತೆಗೆದು ಎತ್ತಿ ಹಿಡಿದೆ.

"ನನ್ನ ಕೈಯಾಗ ಏನೈತಿ ಹೇಳು?"

"ಎಲಿ," ಎಂದಳು ಮೌನಿ, ನಗುತ್ತಲೇ.

ನಾನು ಎದ್ದು ದೀಪ ಹಾಕಿದೆ. ಬಾಚಣಿಗೆ ಕಂಡು ಅವಳ ಬೆರಳು ನಿಂತಿತು.

"ನಾಳೆ ಯಾದಗಿರಿಗೆ ಹೋಗೂಣು. ಕಣ್ಣು ತೋರಸೂಣು," ಎಂದೆ.

ಮೌನಿ ಬಾಚಣಿಗೆ ಇಸಿದುಕೊಂಡು ಅದರ ಹಲ್ಲು ತಡವುತ್ತ ಹೇಳಿದಳು. "ನನಗ ಅಂಜಿಕಿ ಬರ್ತೈತಕ್ಕಾ."

ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಅವಳ ಪಕ್ಕ ಕೂತೆ. ಅವಳು ಬೇರೆ ಮಾಡಿಟ್ಟ ದೊಡ್ಡ ಎಲೆ ಸಣ್ಣ ಎಲೆ ಎಲ್ಲ ಬಾಚಿ ಒಂದೇ ಬುಟ್ಟಿಗೆ ಹಾಕಿ, ಅವಳ ಕೈ ಹಿಡಿದುಕೊಂಡೆ.