ಹಿಡಿಯಲು ಏನೂ ಇಲ್ಲದ ನೀರು

ನಮ್ಮ ಓಣಿಯಲ್ಲಿ ಯಾರಿಗೂ ಈಜು ಬರುತ್ತಿರಲಿಲ್ಲ. ಇದನ್ನು ಹೇಳಿದರೆ ಜನ ನಂಬುವುದಿಲ್ಲ. ಹಳ್ಳಿಯಲ್ಲಿ ಹುಟ್ಟಿ ಈಜು ಬರುವುದಿಲ್ಲವೆಂದರೆ ಹೇಗೆ ಎನ್ನುತ್ತಾರೆ. ಈಜು ಕಲಿಯಲು ಬಾವಿ ಬೇಕು, ಬಾವಿಗಳೆಲ್ಲ ಹೊಲ ಇದ್ದವರವು. ಅಜ್ಜಿಯ ಕಾಲದಲ್ಲಿ ನಮ್ಮವರು ಕೊಡ ಹಿಡಿದು ಬಾವಿಯಿಂದ ದೂರ ನಿಲ್ಲಬೇಕಿತ್ತು. ಯಾರಾದರೂ ಸೇದಿ ಸುರಿದರೆ ನೀರು, ಇಲ್ಲದಿದ್ದರೆ ಇಲ್ಲ. ನನ್ನ ಕಾಲಕ್ಕೆ ಓಣಿಗೆ ನಳ ಬಂದಿತ್ತು. ಆದರೂ ಬೇಸಿಗೆಯಲ್ಲಿ ಊರ ಹುಡುಗರು ಬಾವಿಗೆ ಧುಮುಕುವ ಸದ್ದು ಕೇಳಿಸಿದರೆ ಸಾಕು, ಬೀಡಿ ಕಟ್ಟುತ್ತ ಕುಳಿತ ಅವ್ವ ತಲೆ ಎತ್ತಿ, "ಆ ಕಡೆ ಹೋದಿ ಅಂದ್ರ ಕಾಲ ಮುರೀತೀನಿ ನೋಡ" ಎನ್ನುತ್ತಿದ್ದಳು. ಅವಳು ನೀರಿಗೆ ಹೆದರಿದ್ದಳೋ, ಬಾವಿಯ ದಂಡೆಯ ಮೇಲೆ ನಿಂತವರಿಗೆ ಹೆದರಿದ್ದಳೋ, ನಾನು ಕೇಳಲಿಲ್ಲ. ಹೆದರಿಕೆ ಮಾತ್ರ ನನ್ನ ಮೈಗೆ ಇಳಿಯಿತು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಇದನ್ನು ಎಲ್ಲಿ ಬೇಕಾದರೂ ಜೋರಾಗಿ ಹೇಳುತ್ತೇನೆ. ಕಾಲೇಜಿನ ಸೂಟಿಯಲ್ಲಿ ನಿಪ್ಪಾಣಿಯ ತಂಬಾಕಿನ ಗೋದಾಮಿನಲ್ಲಿ ಚೀಲ ಹೊತ್ತು ಓದಿದವನು ಮೆಲ್ಲಗೆ ಯಾಕೆ ಹೇಳಬೇಕು? ಈಗ ಚಿಕ್ಕೋಡಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಪ್ರತಿ ವರ್ಷ ತೇಲುವ ವಸ್ತುಗಳ ಪಾಠ ಬರುತ್ತದೆ. ಬಕೆಟ್ಟಿನಲ್ಲಿ ನಿಂಬೆಹಣ್ಣು ಬಿಟ್ಟು ತೋರಿಸುತ್ತೇನೆ, ಮನುಷ್ಯನ ದೇಹವೂ ತೇಲುತ್ತದೆ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ.

ನಲವತ್ತೈದು ದಾಟಿದ ಮೇಲೆ ಬಿ.ಪಿ. ಬಂತು. ಗುಳಿಗೆ ಕೊಟ್ಟ ಡಾಕ್ಟರು ನಡೆಯಿರಿ ಎಂದರು. ನಮ್ಮ ಶಾಲೆಯ ಪಿ.ಟಿ. ಮಾಸ್ತರು, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವರು, ಕಬ್ಬೂರ ಕಡೆಯ ರೈತರ ಮಗ, ನಡೆಯುವವನನ್ನು ಓಡಿಸಿದರು. ಆಮೇಲೆ ಸೈಕಲ್ ಹತ್ತಿಸಿದರು. ಆಮೇಲೆ ಸಿಮೆಂಟ್ ಅಂಗಡಿಯ ಮೇಲಿನ ಜಿಮ್ಮಿಗೆ ಕರೆದುಕೊಂಡು ಹೋದರು. ಅಲ್ಲಿಯ ಹುಡುಗರಿಗೆಲ್ಲ ನಾನು ಕಾಕಾ. "ಕಾಕಾ, ಚೀಲಾ ಹೊತ್ತಂಗ ಎತ್ತಬ್ಯಾಡ್ರಿ, ಬೆನ್ನ ನೆಟ್ಟಗ ಇಡ್ರಿ" ಎಂದು ಕೂಗುತ್ತಿದ್ದರು. ನೆಲದ ಮೇಲಿನ ಭಾರವನ್ನು ಎರಡೂ ಕೈಯಲ್ಲಿ ಹಿಡಿದು ಎತ್ತುವಾಗ ಎದೆ ಢವಢವ ಬಡಿದುಕೊಳ್ಳುತ್ತಿತ್ತು, ಈಗ ಒಡೆಯಿತು ಎನ್ನಿಸುತ್ತಿತ್ತು. ಕಬ್ಬು ಕಡಿಯುವ ದಿನಗಳಲ್ಲಿ ರಾಯಬಾಗ ರಸ್ತೆಯ ಮೇಲೆ ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರುಗಳು ಓಲಾಡುತ್ತ ಬರುವಾಗ ಸೈಕಲ್ಲಿನ ಹ್ಯಾಂಡಲ್ ಬೆವರಿಗೆ ಜಾರುತ್ತಿತ್ತು. ಆದರೂ ಜಿಮ್ಮಿನಲ್ಲಿ ಹಿಡಿಯಲು ರಾಡು ಇತ್ತು, ಸೈಕಲ್ಲಿಗೆ ಹ್ಯಾಂಡಲ್ ಇತ್ತು, ಕಾಲ ಕೆಳಗೆ ನೆಲ ಇತ್ತು. ಆ ಹೆದರಿಕೆಗಳನ್ನು ಸಂಭಾಳಿಸಬಹುದಿತ್ತು.

ಒಂದು ದಿನ ಪಿ.ಟಿ. ಮಾಸ್ತರು ಕೊಲ್ಲಾಪುರದ ಕೆರೆಯೊಂದರಲ್ಲಿ ನಡೆಯುವ ಟ್ರಯಥ್ಲಾನಿಗೆ ಇಬ್ಬರ ಹೆಸರನ್ನೂ ಹಚ್ಚಿಬಿಟ್ಟರು. ಮೊದಲು ಈಜು, ನಂತರ ಸೈಕಲ್, ಕೊನೆಗೆ ಓಟ.

"ಎರಡ ಬರ್ತಾವಲ್ರಿ ಸರ, ಮೂರನೇದೂ ಬರ್ತೈತಿ ತಗೋರಿ" ಎಂದರು.

ಭಾನುವಾರ ಭಾನುವಾರ ನಿಪ್ಪಾಣಿ ದಾಟಿ ಕೊಲ್ಲಾಪುರದ ಈಜುಗೊಳಕ್ಕೆ ಹೋದೆವು. ಮೂರು ತಿಂಗಳಲ್ಲಿ ಕೈಕಾಲು ಬಡಿಯುವುದು, ಉಸಿರು ಬಿಡುವುದು ಎಲ್ಲ ಕಲಿತೆ. ಆದರೆ ಎದೆಮಟ್ಟದ ನೀರಿನಲ್ಲಿ, ಕೊಳದ ಅಗಲಕ್ಕೆ ಅಡ್ಡಡ್ಡವಾಗಿ. ನಾಲ್ಕು ಕೈ ಬೀಸಿದರೆ ಒಮ್ಮೆ ಕಾಲು ಇಳಿಬಿಟ್ಟು ನೆಲ ಮುಟ್ಟುತ್ತಿದ್ದೆ. ನೆಲ ಇದೆ ಎಂದು ಖಾತ್ರಿಯಾದ ಮೇಲೆ ಮತ್ತೆ ನಾಲ್ಕು. ಆಳದ ಕಡೆಗೆ ಕಟ್ಟಿದ ಹಗ್ಗ ಕಂಡರೆ ತಿರುಗುತ್ತಿದ್ದೆ.

"ಸರ, ಕೆರ್ಯಾಗ ಅಡ್ಡ ಇರಂಗಿಲ್ರಿ, ಎಲ್ಲಾ ಆಳನ. ನಮ್ಮ ಬಾವಿಗೆ ಬರ್ರಿ, ಒಂದ ದಿನದಾಗ ಅಂಜಿಕಿ ಬಿಡಸ್ತೀನಿ" ಎಂದರು ಪಿ.ಟಿ. ಮಾಸ್ತರು. ಕೃಷ್ಣೆಗೆ ಹೋಗುವ ಮಾತೇ ಇರಲಿಲ್ಲ, ಉಗಾರದ ಕಡೆ ದಂಡೆಯ ಮೇಲೆ ಮೊಸಳೆ ಬಿಸಿಲು ಕಾಯುವುದನ್ನು ಜನ ಮೊಬೈಲಿನಲ್ಲಿ ಹಿಡಿದು ಕಳಿಸುತ್ತಿದ್ದರು. "ಮೊಸಳಿ ನಿಮ್ಮನ್ನ ಏನ್ ತಿಂತಾವ್ರಿ, ಬರೇ ಎಲುಬು" ಎಂದು ನನ್ನ ಹೆಂಡತಿ ಅಂದಳು, ಆದರೂ ನದಿಗೆ ಬೇಡವೆಂದಳು.

ಅವ್ವ ಈಗ ನಮ್ಮ ಜೊತೆಗಿದ್ದಾಳೆ. ಬಾವಿಗೆ ಹೋಗುವ ಸುದ್ದಿ ಕೇಳಿ ಅವಳು ಮೊದಲು ಆಳ ಎಷ್ಟೆಂದು ಕೇಳಲಿಲ್ಲ.

"ಯಾರ ಬಾವಿ ಅದು?"

"ನಮ್ಮ ಪಿ.ಟಿ. ಸರ್ದ ಅವ್ವಾ. ಅವರ ಕರದಾರ."

"ಅವ ಕರದಾನು. ಅವರಪ್ಪ ಏನಂತಾನ?"

"ಆ ಕಾಲ ಹೋತ ಬೇ ಅವ್ವಾ."

"ಕಾಲ ಹೋದ್ರ ನೀರ ಹೋಗ್ಯಾವೇನು?" ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿ, "ನೀನೂ ಹೋಗ. ನಡಕ್ಕ ಹಗ್ಗಾ ಕಟ್ಟಿ ನೀನ ಹಿಡಿ. ಮತ್ತೊಬ್ಬರ ಕೈಯಾಗ ಕೊಡಬ್ಯಾಡ" ಎಂದಳು.

"ಲಗ್ನ ಆದಾಗಿಂದ ನಾನ ಹಿಡದೀನಿ ಬಿಡ್ರಿ ಅತ್ತಿ" ಎಂದಳು ನನ್ನ ಹೆಂಡತಿ.

ಬಾವಿ ಕಬ್ಬಿನ ನಡುವೆ ಇತ್ತು. ಕಲ್ಲು ಕಟ್ಟಿದ ದೊಡ್ಡ ಬಾವಿ, ಒಂದು ಬದಿಗೆ ಪಾಚಿ ಹಿಡಿದ ಮೆಟ್ಟಿಲು, ಗೋಡೆಯ ಸಂದಿನಲ್ಲಿ ಪಾರಿವಾಳ. ನೀರು ಹಸಿರು, ತಳ ಕಾಣದು. ಪಿ.ಟಿ. ಮಾಸ್ತರರ ತಂದೆ ಅಲ್ಲೇ ಬೇವಿನ ಮರದ ಕೆಳಗೆ ಕುಳಿತಿದ್ದರು. ನಾನು ನೀರಿಗಿಂತ ಮೊದಲು ಅವರ ಮುಖವನ್ನೇ ನೋಡಿದೆ. ನನಗೆ ಗೊತ್ತಿಲ್ಲದಂತೆ ಕಣ್ಣು ಅಲ್ಲಿಗೆ ಹೋಯಿತು.

"ಮೋಟರ್ ಬಂದ್ ಮಾಡೀರಿಲ್ಲೋ? ನೀರಾಗ ಕರಂಟ್ ಇಳದಿರತೈತಿ" ಎಂದು ಮಗನಿಗೆ ಹೇಳಿ, ನನ್ನ ಕಡೆ ನೋಡಿ, "ಅಂಜಬ್ಯಾಡ್ರಿ ಮಾಸ್ತರ. ಎಮ್ಮಿ ಸುದ್ದಾ ತೇಲ್ತೈತಿ, ನೀವ್ಯಾಕ ಮುಳಗ್ತೀರಿ" ಎಂದರು. ಅಷ್ಟೇ. ಆ ಮುಖದಲ್ಲಿ ಬೇರೇನೂ ಇರಲಿಲ್ಲ.

ಹೆಂಡತಿ ನನ್ನ ಸೊಂಟಕ್ಕೆ ಹಗ್ಗ ಬಿಗಿದು, ಒಂದು ಸುತ್ತು ಮರಕ್ಕೆ ಹಾಕಿ ಹಿಡಿದಳು. ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿಕೊಂಡು ಮೊದಲು ಎರಡು ಸುತ್ತು ಹಾಕಿದೆ. ಸರಾಗ ಬಂತು. "ಡಬ್ಬಿ ಬಿಚ್ರಿ ಸರ" ಎಂದರು ಪಿ.ಟಿ. ಮಾಸ್ತರು. ಬಿಚ್ಚಿದೆ. ಅವರು ಕೈ ಅಳತೆಯಲ್ಲಿ ನನ್ನ ಪಕ್ಕದಲ್ಲೇ ಈಜುತ್ತಿದ್ದರು.

ಬಾವಿಯ ನಡುವೆ ಬಂದಾಗ ಈಜುಗೊಳದ ರೂಢಿ ಕಾಲಿಗೆ ನೆನಪಾಯಿತು. ನೆಲ ಮುಟ್ಟಲು ಕಾಲು ಇಳಿಬಿಟ್ಟೆ. ನೆಲ ಇರಲಿಲ್ಲ. ಇನ್ನೂ ಇಳಿಬಿಟ್ಟೆ. ಕೆಳಗಿನ ನೀರು ತಣ್ಣಗೆ ಕೊರೆಯುತ್ತಿತ್ತು. ಆಮೇಲೆ ಏನಾಯಿತೆಂದು ಪೂರ್ತಿ ಹೇಳಲಾರೆ. ಮೂಗಿನಲ್ಲಿ ನೀರು ಹೋಯಿತು, ಕೈಗೆ ಏನೋ ಸಿಕ್ಕಿತು, ಬಿಗಿಯಾಗಿ ತಬ್ಬಿದೆ. ಅದು ಪಿ.ಟಿ. ಮಾಸ್ತರರ ಕೊರಳು. ಅವರು ಬಿಡಿಸಿಕೊಳ್ಳಲು ಕೊಸರಿದಷ್ಟೂ ನಾನು ಅವರ ಮೇಲೆ ಹತ್ತಿದೆ. ಇಬ್ಬರೂ ಮುಳುಗಿದೆವು. ಜಿಮ್ಮಿನಲ್ಲಿ ಬಲ ತುಂಬಿದ್ದ ಕೈ, ಬಿಡು ಎಂದರೆ ಬಿಡಲಿಲ್ಲ.

ಸೊಂಟ ಕತ್ತರಿಸಿದ ಹಾಗೆ ಹಗ್ಗ ಬಿಗಿಯಿತು. ಗೋಡೆಗೆ ಬಡಿದೆ. ಮೆಟ್ಟಿಲ ಮೇಲೆ ಬಿದ್ದುಕೊಂಡು ಕೆಮ್ಮುವಾಗ ಮೇಲೆ ನೋಡಿದರೆ ಹಗ್ಗವನ್ನು ನನ್ನ ಹೆಂಡತಿಯೂ ಆ ಮುದುಕರೂ ಸೇರಿ ಹಿಡಿದಿದ್ದರು. ಅವಳ ಅಂಗೈ ಸುಲಿದಿತ್ತು. ಪಿ.ಟಿ. ಮಾಸ್ತರು ಕೆಳಗಿನ ಮೆಟ್ಟಿಲ ಮೇಲೆ ನೀರು ಕಾರುತ್ತಿದ್ದರು. ಕೊರಳ ತುಂಬ ನನ್ನ ಉಗುರಿನ ಗೆರೆ.

"ಸಾಯ್ತಿದ್ವೆಲಾ ಇಬ್ಬರೂ!" ಎಂದರು. ಆ ಒಂದು ಮಾತಿನಲ್ಲಿ ಮಾತ್ರ ಅವರ ಬಾಯಲ್ಲಿ 'ಸರ' ಬರಲಿಲ್ಲ. ಬಹಳ ಹೊತ್ತಿನ ಮೇಲೆ ಮೆಲ್ಲಗೆ, "ಇನ್ನ ನಾ ನಿಮ್ಮ ಸಂಗಾಟ ನೀರಾಗ ಇಳಿಯಂಗಿಲ್ರಿ ಸರ. ಮನ್ಯಾಗ ಸಣ್ಣ ಕೂಸ ಐತಿ" ಎಂದರು.

ಮರುದಿನ ಸ್ಟಾಫ್ ರೂಮಿನಲ್ಲಿ ಅವರ ಕೊರಳು ನೋಡಿದವರೆಲ್ಲ ಏನಾಯಿತೆಂದು ಕೇಳಿದರು. "ಬೆಕ್ಕ ಪರಚೇತ್ರಿ" ಎಂದರು ಅವರು. "ಎಷ್ಟ ದೊಡ್ಡ ಬೆಕ್ಕೋ ಮಾರಾಯಾ" ಎಂದು ಹೆಡ್ ಮಾಸ್ತರು ನಕ್ಕರು. ನಾನು ಪೇಪರು ತಿದ್ದುತ್ತ ತಲೆ ಎತ್ತಲಿಲ್ಲ.

ಅಲ್ಲಿಯವರೆಗೆ ನಾನು ಸಾಯಬಹುದು ಎಂಬ ಅಂಜಿಕೆ ಇತ್ತು. ಈಗ ನನ್ನ ಕೈಯ ಅಂಜಿಕೆ ಶುರುವಾಯಿತು. ಕೆರೆಯಲ್ಲಿ ನೂರಾರು ಜನ ಒಬ್ಬರಿಗೊಬ್ಬರು ತಾಗುತ್ತ ಈಜುತ್ತಾರೆ. ಅವರಲ್ಲಿ ಯಾರ ಕೊರಳು ಸಿಗುತ್ತದೋ. ಅವರ ಮನೆಯಲ್ಲಿಯೂ ಕೂಸು ಇರುತ್ತದೆ. ಊಟಕ್ಕೆ ಕುಳಿತಾಗ, ಬೋರ್ಡಿನ ಮೇಲೆ ಬರೆಯುವಾಗ, ನನ್ನ ಬೆರಳುಗಳನ್ನೇ ನೋಡುತ್ತಿದ್ದೆ. "ಬಿಡ್ರಿ ಸಾಕು, ಓಡ್ರಿ, ಸೈಕಲ್ ಹೊಡೀರಿ. ನೀರಿನ ಉಸಾಬರಿ ಯಾಕ?" ಎಂದಳು ಹೆಂಡತಿ. ಬಿಡುವುದು ಸುಲಭವಿತ್ತು. ಆದರೆ ಬಿಟ್ಟರೆ ಈ ಕೈ ಇಂಥದ್ದು ಎಂದೇ ನನ್ನ ಪಾಲಿಗೆ ಉಳಿದುಬಿಡುತ್ತಿತ್ತು. ಅದರ ಜೊತೆ ಬಾಳುವುದು ಇನ್ನೂ ಹೆದರಿಕೆಯದ್ದು ಅನ್ನಿಸಿತು.

ಮತ್ತೆ ಬಾವಿಗೆ ಹೋದೆ. ನೀರಿನಲ್ಲಿ ನಾನೊಬ್ಬನೇ. ಪಿ.ಟಿ. ಮಾಸ್ತರು ಮೇಲೆ ಕುಳಿತು ಹೇಳುತ್ತಿದ್ದರು. "ಅಂಜಿಕಿ ಬಂತಂದ್ರ ಕಾಲ ಇಳಿಬಿಡಬ್ಯಾಡ್ರಿ ಸರ. ಅಂಗಾತ ಆಗ್ರಿ. ಎರಡೂ ಕೈ ಎದಿ ಮ್ಯಾಲ ಕಟ್ಗೊಂಡ ಮಕ್ಕೋರಿ. ಏನೂ ಹಿಡೀಬ್ಯಾಡ್ರಿ."

ಹೇಳುವಷ್ಟು ಸುಲಭವಿರಲಿಲ್ಲ. ಅಂಗಾತ ಮಲಗಿದರೆ ಕಿವಿ ನೀರಿನಲ್ಲಿ ಮುಳುಗುತ್ತದೆ, ದಂಡೆಯ ಮಾತು ಕೇಳುವುದಿಲ್ಲ, ನನ್ನ ಎದೆಬಡಿತವೇ ತಲೆಯೊಳಗೆ ಬಡಿಯುತ್ತದೆ. ಬೆನ್ನ ಕೆಳಗೆ ಏನೂ ಇಲ್ಲ. ಮೊದಲ ದಿನ ಕೈ ಎದೆಯ ಮೇಲೆ ನಿಲ್ಲದೆ ಹಗ್ಗ ಹುಡುಕಿತು, ಹತ್ತಿ ಬಂದು ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡೆ. ವಾರ ವಾರವೂ ಹೋದೆ. ಕೊನೆಕೊನೆಗೆ ಹಗ್ಗ ಬಿಚ್ಚಿದರೂ ಮಲಗಬಲ್ಲೆನಾದೆ, ಆದರೆ ಹೆದರಿಕೆ ಒಂದು ಗುಂಜಿಯೂ ಕಡಿಮೆಯಾಗಿರಲಿಲ್ಲ.

ಟ್ರಯಥ್ಲಾನಿನ ದಿನ ಕೆರೆಯ ದಂಡೆಯಲ್ಲಿ ಬಣ್ಣ ಬಣ್ಣದ ಟೋಪಿ ಹಾಕಿಕೊಂಡು ಜನ ಕಿಕ್ಕಿರಿದು ನಿಂತಿದ್ದರು. ಪಿ.ಟಿ. ಮಾಸ್ತರು ಮುಂದಿನ ಸಾಲಿಗೆ ಹೋಗಿದ್ದರು. ನಾನು ಹಿಂದೆ, ಒಂದು ಅಂಚಿಗೆ ನಿಂತೆ. ಪಕ್ಕದಲ್ಲಿ ಹಳದಿ ಟೋಪಿಯವನೊಬ್ಬ ಬಂದು ಭುಜಕ್ಕೆ ಭುಜ ತಾಗಿಸಿ ನಿಂತ.

"ಭಾಊ, ಜರಾ ಲಾಂಬ ರಾಹಾ" ಎಂದು ಮರಾಠಿಯಲ್ಲಿ ಹೇಳಿದೆ. ನನ್ನಿಂದ ಸ್ವಲ್ಪ ದೂರ ಇರಪ್ಪ ಎಂದು. ಬಾವಿಯ ದಂಡೆಯವರಿಂದ ನಮ್ಮ ಅಜ್ಜಿ ಕೇಳುತ್ತ ಬಂದ ಮಾತು ನನ್ನ ಬಾಯಲ್ಲಿ ಬಂತು.

"ಕಾ ಹೋ, ಚಾವತಾ ಕಾ?" ಕಚ್ಚುತ್ತೀರೇನು ಎಂದು ಅವನು ನಕ್ಕ. ದೂರ ಹೋಗಲಿಲ್ಲ.

ಸೀಟಿ ಊದಿದರು. ಎಲ್ಲರೂ ಹೋದ ಮೇಲೆ ಇಳಿಯಬೇಕೆಂದಿದ್ದೆ, ಹಿಂದಿನವರು ತಳ್ಳಿದರು. ಯಾರದೋ ಹಿಮ್ಮಡಿ ಮುಖಕ್ಕೆ ಬಡಿಯಿತು. ಕೆರೆಯ ನಡುವೆ ತೇಲುವ ಕೆಂಪು ಗುರುತನ್ನು ಸುತ್ತಿ ತಿರುಗುವಾಗ ಬಾಯಿ ತುಂಬ ನೀರು ಬಂತು, ಕಾಲು ತಾನಾಗಿ ಕೆಳಗೆ ಇಳಿಯಿತು, ಬಾವಿಯ ಅದೇ ಅಂಜಿಕೆ ಎದ್ದಿತು. ಬಲಕ್ಕೆ ಹಳದಿ ಟೋಪಿ ಇತ್ತು. ಬಹಳ ಹತ್ತಿರ. ನನ್ನ ಬಲಗೈ ಅದರ ಕಡೆ ಚಾಚಿತು.

ಎಳೆದುಕೊಂಡೆ. ಭಾರವಾದ ಏನನ್ನೋ ಎತ್ತಿದ ಹಾಗೆ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಅಂಗಾತವಾಗಿ ಎರಡೂ ಕೈಯನ್ನು ಎದೆಯ ಮೇಲೆ ಒತ್ತಿ ಹಿಡಿದೆ. ಆಕಾಶ ಬೆಳ್ಳಗಿತ್ತು. ಅವನು ಏನೂ ತಿಳಿಯದೆ ಮುಂದೆ ಹೋದ. ಕಾವಲಿನ ದೋಣಿಯವನು ಏನೋ ಕೂಗಿ ಕೇಳಿದ, ನಾನು ಬೇಡವೆಂದು ತಲೆಯಾಡಿಸಿದೆ. ಅಲ್ಲಿ ಎಷ್ಟು ಹೊತ್ತು ಮಲಗಿದ್ದೆನೋ ಗೊತ್ತಿಲ್ಲ. ಆಮೇಲೆ ತಿರುಗಿ ಕೈ ಬೀಸಿದೆ.

ನೀರಿನಿಂದ ಎದ್ದವರಲ್ಲಿ ನಾನೇ ಕಡೆಯವನು. ಕೆಸರಿನಲ್ಲಿ ಎರಡು ಸಲ ಬಿದ್ದೆ. ಹೆಂಡತಿ ದಂಡೆಯ ಹಗ್ಗದಾಚೆ ನಿಂತಿದ್ದಳು, ಮುಖ ಬಿಳಿಚಿತ್ತು.

"ಯಾರನ್ನರೆ ಹಿಡದ್ರೇನು?" ಎಂದಳು.

"ಇಲ್ಲ."

"ಹಂಗಾರ ನಿಂತೀರೇನ್ರಿ ಮತ್ತ? ಸೈಕಲ್ ಹತ್ರಿ, ಎಲ್ಲಾರೂ ಹೋಗ್ಯಾರ."